ಕೌದಿ ಹಾಸಿ ಮುಚ್ಚಿದ ಕಟ್ಟೆ

ಬೆಳಿಗ್ಗೆಯಿಂದ ಯಾರೋ ಒಬ್ಬರು ಎದುರಿನ ಬೇವಿನ ಮರದಡಿ ಕುಳಿತು ನಮ್ಮ ಮನೆಯನ್ನು ನೋಡುವುದು, ಹಾಳೆಯ ಮೇಲೆ ಗೆರೆ ಎಳೆಯುವುದು, ಮತ್ತೆ ನೋಡುವುದು ನಡೆದೇ ಇತ್ತು. ಪಕ್ಕದ ಮನೆಯ ಕಡೆ ಒಮ್ಮೆಯೂ ತಿರುಗಲಿಲ್ಲ. ಮಸ್ಕಿಯ ನಮ್ಮ ಓಣಿಯಲ್ಲಿ ರಸ್ತೆ ಅಗಲ ಮಾಡುತ್ತಾರೆಂಬ ಸುದ್ದಿ ಹಬ್ಬಿತ್ತು. ನಮ್ಮ ಕಟ್ಟೆ ಚರಂಡಿ ದಾಟಿ ಎರಡು ಅಡಿ ರಸ್ತೆಗೆ ಬಂದಿರುವುದು ನನಗೆ ಗೊತ್ತಿಲ್ಲದ್ದೇನಲ್ಲ. ಇವರು ಅಳತೆಗೇ ಬಂದವರೆಂದುಕೊಂಡು, ಬಿಸಿಲಿಗೆ ಹಾಕುವ ನೆಪದಲ್ಲಿ ಅತ್ತೆ ಹೊಲಿದ ನಾಲ್ಕು ಕೌದಿ ತಂದು ಕಟ್ಟೆ ಕಾಣದಂತೆ ಹಾಸಿದೆ. ಆಮೇಲೆ ಬಾಗಿಲ ಸಂದಿಯಿಂದ ಅವರನ್ನೇ ನೋಡುತ್ತಾ ನಿಂತೆ.

ಮಧ್ಯಾಹ್ನವಾದರೂ ಆಸಾಮಿ ಏಳಲಿಲ್ಲ. ತಡೆಯಲಾರದೆ ಹೋಗಿ ಕೇಳಿಯೇಬಿಟ್ಟೆ: “ಯಾವ ಆಫೀಸಿನವರ್ರೀ ನೀವು? ನಮ್ಮ ಕಟ್ಟಿ ಕೆಡವಾಕ ನಕ್ಷಾ ಮಾಡಾಕತ್ತೀರೇನು?”

“ನಕ್ಷಾ ಮಾಡೋದು ಬಿಟ್ಟೀನ್ರೀ ಅಕ್ಕಾರ. ಮೊದಲ ಆರ್ಕಿಟೆಕ್ಟ್ ಇದ್ದೆ. ಈಗ ಹಳೇ ಮನಿ ಕಂಡ್ರ ಪೆನ್ನಿಲೆ ಚಿತ್ರ ಬರೀತೀನಿ, ಅಷ್ಟ.”

ನಂಬದೆ ಹಾಳೆ ಇಸಿದುಕೊಂಡೆ. ಕಪ್ಪು ಶಾಯಿಯಲ್ಲಿ ಗೋಡೆಯ ಕಲ್ಲುಗಳಿದ್ದವು, ಕೌದಿಯ ಒಂದೊಂದು ಹೊಲಿಗೆಯೂ ಇತ್ತು, ಅದರಡಿಯಿಂದ ಇಣುಕುವ ಕಟ್ಟೆಯ ಅಂಚೂ ಇತ್ತು. ಬಾಗಿಲ ಸಂದಿಯಲ್ಲಿ ಒಂದು ಕಣ್ಣು. ಸಾಸಿವೆಯಷ್ಟೇ ಇದ್ದರೂ ಅದು ಯಾರದೆಂದು ನನಗೆ ಬೇರೆ ಯಾರೂ ಹೇಳಬೇಕಿರಲಿಲ್ಲ.

ಕೌದಿಗಳನ್ನು ಅಂದೇ ಮಡಚಿ ಒಳಗಿಟ್ಟೆ. ಆದರೆ ಇಂದಿಗೂ ಬಾಗಿಲು ಅರ್ಧ ತೆರೆದು ಹೊರಗೆ ನೋಡುವಾಗ, ಮರದಡಿ ಯಾರೋ ಕುಳಿತು ನನ್ನ ಕಣ್ಣನ್ನು ಬರೆಯುತ್ತಿದ್ದಾರೆ ಅನ್ನಿಸುತ್ತದೆ.