ಸೋಪಕ್ಕ

ಮನೆಮನೆಗೆ ಹೋಗಿ ಕೈತೊಳೆಯುವುದನ್ನು ಕಲಿಸುವ ನನಗೆ ಬೀದಿಯ ಮಕ್ಕಳು ಇಟ್ಟ ಹೆಸರು ಸೋಪಕ್ಕ. ಯಾರು ನಮಸ್ಕಾರ ಮಾಡಿದರೂ ನನ್ನ ಕಣ್ಣು ಹೋಗುವುದು ಅವರ ಉಗುರಿಗೆ. ನನ್ನ ಗಂಡನಂತೂ ತಟ್ಟೆ ಮುಟ್ಟುವ ಮುನ್ನ ಎರಡೂ ಅಂಗೈ ತೋರಿಸಿ ಅಪ್ಪಣೆ ಕೇಳುತ್ತಾನೆ. ನಾನು ಬೀದಿಗೆ ತಿರುಗಿದರೆ ಸಾಕು, “ಸೋಪಕ್ಕ ಬಂದ್ಲು, ಸೋಪ್ ಕೆಳಗಿಳಿಸ್ರೇ!” ಎಂದು ಕೂಗು ಏಳುತ್ತದೆ, ನಾನೇ ಹಂಚಿದ ಸೋಪು ನನ್ನ ಮರ್ಯಾದೆಗೆಂದು ಅಟ್ಟದಿಂದ ಇಳಿಯುತ್ತದೆ. ಅದು ಒಂದಿಷ್ಟು ಸವೆದಿದ್ದರೆ, ತೊಳೆದು ತೋರಿಸುವ ನನ್ನ ಕೈಯಿಂದಲೇ. ಕೊನೆಯ ಮನೆಯಲ್ಲಿ ಮಾತ್ರ ಸೋಪು ಎಲೆಯಷ್ಟು ತೆಳುವಾಗಿರುತ್ತದೆ. ದೊಡ್ಡ ಮಗನನ್ನು ವಾಂತಿಭೇದಿಗೆ ಕಳೆದುಕೊಂಡ ಆ ತಾಯಿ ಚಿಕ್ಕವನ ಒದ್ದೆ ಕೈ ಒರೆಸುತ್ತಾ, “ಇನ್ನೊಂದ್ ಸೋಪ್ ಇದ್ಯಾ ಅಕ್ಕಾ?” ಎನ್ನುತ್ತಾಳೆ. ಊರೆಲ್ಲ ಉಪದೇಶ ಸುರಿಸುವ ನಾನು ಅಲ್ಲಿ ನೇರ ಚೀಲಕ್ಕೆ ಕೈ ಹಾಕುತ್ತೇನೆ.