ಹೆಸರು ಕೇಳದ ಫೋನು

ಗುರುದೇವಿ ಗುರುವಾರ ಬೆಳಗ್ಗೆ ತೀರಿಕೊಂಡಳು. ಡೆಂಗಿ. ಹೌಸ್ ಸರ್ಜನ್ ಆಗಿ ದುಡಿಯುತ್ತಿದ್ದ ಆಸ್ಪತ್ರೆಯಲ್ಲೇ ಹೋದಳು.

ಅವಳನ್ನು ನೋಡಲೆಂದು ಹೊರಟಿದ್ದ ಅನಘಾ ಆಗ ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಬಸ್ಸಿನೊಳಗಿದ್ದಳು. ಫೋನು ಮಾಡಿದವನು ಕಾಲೇಜಿನಲ್ಲಿ ಅವರ ಜೂನಿಯರ್ ಆಗಿದ್ದ ಗೌತಮ್. ಆ ಗಳಿಗೆಯಲ್ಲೂ ಅವಳಿಗೆ ಮೊದಲು ಚುಚ್ಚಿದ್ದು, ಇವನಿಗೆ ನನಗಿಂತ ಮುಂಚೆ ಗೊತ್ತಾಯಿತಲ್ಲ ಎಂಬುದು.

ಅನಘಾ, ಗುರುದೇವಿ ಇಬ್ಬರೂ ಮೂಡಲಪಾಳ್ಯದಲ್ಲಿ ದಾನಮ್ಮನವರ ಹಿಟ್ಟಿನ ಗಿರಣಿಯ ಮೇಲಿನ ರೂಮಿನಲ್ಲಿದ್ದರು. ಗುರುದೇವಿ ಗದಗದ ಕಡೆಯವಳು. ಅನಘಾಳ ಮನೆ ಬಸವೇಶ್ವರನಗರದಲ್ಲೇ ಇತ್ತು. ಓದಿಗೆ ಅನುಕೂಲ ಎಂದು ಅಮ್ಮನಿಗೆ ಹೇಳಿ ಬಂದಿದ್ದಳು. ನಿಜಕ್ಕೂ ಬಂದದ್ದು ಗುರುದೇವಿಯ ಜೊತೆಗಿರಲು. ಅಷ್ಟರಲ್ಲಿ ಗುರುದೇವಿ ವೈದ್ಯಕೀಯ ವಿದ್ಯಾರ್ಥಿಗಳ ರಾಷ್ಟ್ರೀಯ ಸಂಘಕ್ಕೆ ತಮ್ಮ ಕಾಲೇಜಿನ ಪ್ರತಿನಿಧಿಯಾದಳು. ಸಂಘದ ಸಹಾಯವಾಣಿಯ ಫೋನು ರೂಮಿಗೆ ಬಂತು.

ಬೀದರಿನಿಂದ, ಕೊಲ್ಲಂನಿಂದ, ಇನ್ನೆಲ್ಲಿಂದಲೋ ಕರೆಗಳು. ಎರಡು ಹಗಲು ಒಂದು ರಾತ್ರಿ ಬಿಡುವಿಲ್ಲದೆ ಡ್ಯೂಟಿ ಮಾಡಿದವರು, ಅಪ್ಪ ಸತ್ತು ಊರಿಗೆ ಹೋಗಿದ್ದಕ್ಕೆ ಹಾಜರಿ ಕಡಿಮೆಯಾದವರು, ಸೀನಿಯರ್‌ಗಳ ಕಾಟ ತಾಳದವರು. ಯಾರ ಹೆಸರನ್ನೂ ಕೇಳಬಾರದೆಂಬುದು ಸಂಘದ ಪದ್ಧತಿ. ಅವರ ದೂರನ್ನು ಆಯಾ ಕಾಲೇಜಿನ ಡೀನ್ ಮುಂದೆ ಸಂಘದ ದೂರಾಗಿಯೇ ಇಡುತ್ತಿದ್ದರು. ಹುಡುಗರು ಬಚಾವಾಗುತ್ತಿದ್ದರು. ವಾರ ಕಳೆದ ಮೇಲೆ ಕರೆ ಬಂದ ನಂಬರಿಗೇ ಮತ್ತೆ ಫೋನು ಮಾಡಿ ವಿಚಾರಿಸಬೇಕಿತ್ತು. ಗುರುದೇವಿ ಒಂದನ್ನೂ ತಪ್ಪಿಸಲಿಲ್ಲ. ಹೌಸ್ ಸರ್ಜನ್‌ಗಳಿಗೆ ವಾರಕ್ಕೊಂದು ರಜೆ ಕೊಡಿಸಿದ್ದೂ ಅವಳೇ. ಆ ರಜೆಯ ದಿನ ಒಟ್ಟಿಗೆ ಕೂತು ಪಿಜಿ ಪರೀಕ್ಷೆಗೆ ಓದುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಅನಘಾ ಪುಸ್ತಕ ತೆರೆದು ಕೂರುತ್ತಿದ್ದಳು. ಗುರುದೇವಿ ಕಿಟಕಿಯ ಬಳಿ ನಿಂತು, ಮುಖ ಕಾಣದ ಯಾರನ್ನೋ ಸಮಾಧಾನ ಮಾಡುತ್ತಿದ್ದಳು. ಅನಘಾ ಪುಸ್ತಕವನ್ನು ಪಟ್ಟನೆ ಮುಚ್ಚುತ್ತಿದ್ದಳು.

ಒಂದು ಸಂಜೆ ಅವಳು ಕೆಳಗಿಳಿದು, ಚಾರ್ಜ್ ಹೋಗಿದೆಯೆಂದು ದಾನಮ್ಮನವರ ಫೋನು ಈಸಿಕೊಂಡು, ಗಿರಣಿಯ ಮೂಲೆಯಿಂದ ಸಹಾಯವಾಣಿಗೆ ಫೋನು ಮಾಡಿದಳು.

"ಹೆಸರು ಬ್ಯಾಡ್ರಿ. ಏನಾತು, ಅಷ್ಟ ಹೇಳ್ರಿ" ಎಂದಳು ಗುರುದೇವಿ.

ಅನಘಾ ದನಿ ಬದಲಿಸಿದಳು. "ನನ್ ರೂಮ್‌ಮೇಟ್‌ಗೆ ಊರೋರೆಲ್ಲಾ ಬೇಕು. ನಾನೊಬ್ಳು ಬೇಡ."

"ಅಕಿಗೆ ಹೇಳೀರೇನು?"

"ಹೇಳಿದ್ರೆ ನಗ್ತಾಳೆ."

"ನಗಂಗಿಲ್ಲ ಬಿಡ್ರಿ. ಅಕಿ ಅಂಥಾಕಿ ಅಲ್ಲ."

ಗಿರಣಿ ಗಡಗಡ ಓಡುತ್ತಿತ್ತು. ದಿನವೂ ಕೇಳಿ ಕೇಳಿ ಅನಘಾಳ ಕಿವಿ ಅದನ್ನು ಮರೆತೇಬಿಟ್ಟಿತ್ತು. ಮಹಡಿಯ ಮೇಲಿದ್ದ ಗುರುದೇವಿಗೆ ಅದು ನೆಲದಿಂದಲೂ ಫೋನಿನಿಂದಲೂ ಒಟ್ಟಿಗೆ ಕೇಳಿಸುತ್ತದೆಂದು ಅನಘಾಳಿಗೆ ಹೊಳೆಯಲಿಲ್ಲ. ಅರ್ಧ ಗಂಟೆ ಮಾತಾಡಿದರು. ಮೇಲೆ ಬಂದಾಗ ಗುರುದೇವಿ ಏನೂ ಕೇಳಲಿಲ್ಲ. ತನಗೆಂದೂ ಸಿಗದ ಆ ಅರ್ಧ ಗಂಟೆಯನ್ನು ಪಡೆದ ಹೆಸರಿಲ್ಲದ ಹುಡುಗಿಯ ಮೇಲೂ ಅನಘಾಳಿಗೆ ಹೊಟ್ಟೆಕಿಚ್ಚಾಯಿತು.

ನಾಲ್ಕು ದಿನಕ್ಕೆ ಗುರುದೇವಿಗೆ ಜ್ವರ ಏರಿತು, ವಾರ್ಡಿಗೆ ಸೇರಿದಳು. ಅನಘಾ ಎಳನೀರು ಹಿಡಿದು ಹೋದಾಗ ಮಂಚದ ಸುತ್ತ ಸಂಘದ ಹುಡುಗ ಹುಡುಗಿಯರು ತುಂಬಿದ್ದರು. ಯಾರೋ ತಲೆ ಒತ್ತುತ್ತಿದ್ದರು. ಬಾಗಿಲಿನಿಂದಲೇ ನೋಡಿ, ಎಳನೀರನ್ನು ಸಿಸ್ಟರ್ ಕೈಗೆ ಕೊಟ್ಟು ಹಿಂತಿರುಗಿದಳು. ಮರುದಿನದಿಂದ ಆ ಕಡೆ ಹೋಗಲೇ ಇಲ್ಲ. ಬೇಕಾದರೆ ಕರೆಯಲಿ ಎಂದುಕೊಂಡಳು.

ಬುಧವಾರ ಸಂಜೆ ದಾನಮ್ಮ ಕೆಳಗಿನಿಂದ ಕೂಗಿದರು: "ಅನಘಾ, ಅವತ್ತು ನನ್ ಫೋನಲ್ಲಿ ಮಾತಾಡಿದ್ ಹುಡುಗಿ ಬೇಕಂತೆ ಕಣಮ್ಮ."

ಅನಘಾ ಇಳಿದು ಬಂದು ಫೋನು ಕಿವಿಗಿಟ್ಟಳು. "ಸಂಘದಿಂದ್ರೀ" ಎಂದಿತು ದಣಿದ ದನಿ. "ವಾರ ಆತು. ಈಗ ಹೆಂಗದೀರಿ?"

ಅನಘಾ ದನಿ ತಗ್ಗಿಸಿದಳು. "ಹಾಗೇ ಇದೀನಿ."

"ಜೋರ ಹೇಳ್ರಿ. ಅಲ್ಲಿ ಗಿರಣಿ ಭಾಳ ಸದ್ದು ಮಾಡ್ತೈತಿ. ಅವತ್ತೂ ಹಂಗ ಮಾಡ್ತಿತ್ತು."

ಅನಘಾ ಅಳುತ್ತಲೇ ನಕ್ಕಳು.

"ನಾಳೆ ಮುಂಜಾನೆ ಬಾರವಾ" ಎಂದಳು ಗುರುದೇವಿ. "ಯಾರೂ ಇರಂಗಿಲ್ಲ."

ಆಮೇಲಿನದನ್ನು ಅನಘಾಳಿಗೆ ಹೇಳಿದವನು ಗೌತಮ್. ಮಾತು ಮುಗಿಸಿದ ಗುರುದೇವಿ ಸಹಾಯವಾಣಿಯ ಫೋನನ್ನು ಅವನ ಕೈಗೆ ಕೊಟ್ಟು, ಇನ್ನು ಇದನ್ನು ನೀನೇ ನೋಡಿಕೋ ಎಂದಳಂತೆ. ಬೆಳಗ್ಗೆ ಒಬ್ಬರೂ ಬರಬಾರದೆಂದು ಎಲ್ಲರನ್ನೂ ಕಳಿಸಿದಳು. ಮಂಚದ ಸುತ್ತಲಿದ್ದ ಸ್ಟೂಲುಗಳನ್ನು ಹೊರಗಿಡಿಸಿದಳು. ಒಂದನ್ನು ಮಾತ್ರ, ಡ್ರಿಪ್ ಹಾಕದ ಕೈಯಿಂದ, ತನ್ನ ತಲೆದಿಂಬಿನ ಹತ್ತಿರಕ್ಕೆ ಎಳೆದಿಟ್ಟುಕೊಂಡಳು.