ಎಳನೀರಿನ ಗಂಜಿ ಮತ್ತು ಅತ್ತೆಯ ಕೊಲೊನೋಸ್ಕೋಪಿ

ಕಳೆದ ವರ್ಷ ಅವರೆಕಾಯಿ ಕಾಲದ ಆ ಬುಧವಾರವೂ ನನ್ನ ಡ್ಯೂಟಿ ಎಂದಿನಂತೆ ಬೆಳಗ್ಗೆ ಐದಕ್ಕೇ ಶುರುವಾಯಿತು. ಗೇಟಿಗೆ ಸಿಕ್ಕಿಸಿದ್ದ ಚೀಲದಿಂದ ಹಾಲಿನ ಪ್ಯಾಕೆಟ್ ತಂದೆ, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ, ನಮ್ಮನೆಯವರ ಡಬ್ಬಿಗೆ ಚಿತ್ರಾನ್ನ ಕಲಸಿದೆ. ಅತ್ತೆ ಸ್ನಾನ ಮುಗಿಸಿ, ಹಣೆಗೆ ಮೂರು ಬೆರಳು ವಿಭೂತಿ ಎಳೆದು, ಲಿಂಗಪೂಜೆಗೆ ಕೂತರು. ಬೇರೆ ದಿನಕ್ಕೂ ಆ ದಿನಕ್ಕೂ ಇದ್ದ ವ್ಯತ್ಯಾಸ ಇಷ್ಟೇ: ಮಣೆಯ ಪಕ್ಕದಲ್ಲಿ ಒಂದು ಲೀಟರ್ ಔಷಧಿ ನೀರಿನ ಜಗ್ಗು, ಅದರ ಪಕ್ಕ ನನ್ನ ಅಲಾರಂ ಗಡಿಯಾರ.

ಮನೆ ನೋಡಿಕೊಳ್ಳುವುದೇ ನನ್ನ ಉದ್ಯೋಗ. ತುಮಕೂರಿನ ಈ ಮನೆಯಲ್ಲಿ ಇಪ್ಪತ್ತೆರಡು ವರ್ಷದ ಸರ್ವೀಸ್. ಹಿರಿಯರ ಜೊತೆ ಆಸ್ಪತ್ರೆಗೆ ಹೋಗುವುದು ಇದರಲ್ಲೇ ಒಂದು ವಿಭಾಗ. ಫೈಲು ಹಿಡಿದುಕೊಳ್ಳಬೇಕು, ಡಾಕ್ಟರ ಇಂಗ್ಲಿಷನ್ನು ಅತ್ತೆಗೆ ಕನ್ನಡದಲ್ಲಿ ಹೇಳಬೇಕು, ಅತ್ತೆ ಮುಚ್ಚಿಟ್ಟಿದ್ದನ್ನು ಡಾಕ್ಟರಿಗೆ ಹೇಳಬೇಕು.

ಮುಚ್ಚಿಡುವುದರಲ್ಲಿ ನಮ್ಮತ್ತೆ ನಿಸ್ಸೀಮರು. ಆಗ ಅವರಿಗೆ ಎಪ್ಪತ್ತೊಂದು. ನಾಲ್ಕು ತಿಂಗಳಿಂದ ಮಲದ ಜೊತೆ ರಕ್ತ ಹೋಗುತ್ತಿದ್ದರೂ ಯಾರಿಗೂ ಹೇಳಿರಲಿಲ್ಲ. ನಾನು ಏಳುವ ಮೊದಲೇ ಎದ್ದು ತಮ್ಮ ಲಂಗಗಳನ್ನು ತಾವೇ ಒಗೆದು ಒಣಹಾಕಲು ಶುರುಮಾಡಿದಾಗ ನನಗೆ ಅನುಮಾನ ಬಂತು. ಒತ್ತಾಯ ಮಾಡಿ ಕೇಳಿದ್ದಕ್ಕೆ ಅತ್ತರು. "ನಮ್ಮಕ್ಕನಿಗೂ ಹಿಂಗೇ ಶುರುವಾಗಿದ್ದು ಕಣಮ್ಮ. ಕರುಳಿನ ಕ್ಯಾನ್ಸರ್ ಅಂತ ಗೊತ್ತಾಗೋ ಹೊತ್ಗೆ ಎಲ್ಲ ಮುಗ್ದೋಗಿತ್ತು. ನಂದೂ ಅದೇ ಆಗಿದ್ರೆ, ಗೊತ್ತಾಗ್ದೆ ಇರೋದೇ ವಾಸಿ."

ಒಪ್ಪಿಸುವುದಕ್ಕೆ ಮೂರು ವಾರ ಹಿಡಿಯಿತು. ಒಪ್ಪಿದ ಮೇಲೂ ಒಂದು ಷರತ್ತು: ಪಕ್ಕದ ಮನೆ ಪಾರ್ವತಮ್ಮನಿಗೆ ಸುಳಿವು ಸಿಗಬಾರದು. ಸೊಂಟದೆತ್ತರದ ಕಾಂಪೌಂಡಿನ ಆಚೀಚೆ ನಿಂತು ದಿನಕ್ಕೆರಡು ಸಲ ಮಾತಾಡುವ ಗೆಳತಿಯರು ಇವರಿಬ್ಬರು. "ಅವಳು ಹೋದ ವರ್ಷ ಗುಬ್ಬಿಗೆ ಮದುವೆಗೆ ಹೋಗ್ಬಂದು ಎರಡು ದಿನ ಹೋಳಿಗೆ ಊಟದ ಕತೆ ಹೇಳಿದ್ಲು. ನಾವೂ ಕುಣಿಗಲ್‌ನಾಗೆ ನಾಮಕರಣ ಅಂತ ಹೇಳನ," ಎಂದರು. ಆ ಸುಳ್ಳಿಗೆ ಹೊಂದಲೆಂದು ಬುಧವಾರ ನಮ್ಮತ್ತೆ ಆಸ್ಪತ್ರೆಗೆ ಹೊರಟಿದ್ದು ನೇರಳೆ ಬಣ್ಣದ ರೇಷ್ಮೆ ಸೀರೆಯಲ್ಲಿ.

ಕೊಲೊನೋಸ್ಕೋಪಿ ಎಂದರೆ ತುದಿಯಲ್ಲಿ ಕ್ಯಾಮೆರಾ ಇರುವ ಸಣ್ಣ ಕೊಳವೆಯನ್ನು ಗುದದ್ವಾರದಿಂದ ಒಳಗೆ ಬಿಟ್ಟು ದೊಡ್ಡ ಕರುಳನ್ನು ನೋಡುವುದು. ಕರುಳು ಪೂರ್ತಿ ಖಾಲಿಯಾಗಿರಬೇಕು, ಇಲ್ಲದಿದ್ದರೆ ಏನೂ ಕಾಣುವುದಿಲ್ಲ. ಹಿಂದಿನ ದಿನವೆಲ್ಲ ತಿಳಿಯಾದ ದ್ರವ ಮಾತ್ರ, ಜೊತೆಗೆ ಭೇದಿ ಪುಡಿ ಕಲಸಿದ ಎರಡು ಲೀಟರ್ ನೀರು. ಒಂದು ಲೀಟರ್ ಸಂಜೆ, ಇನ್ನೊಂದು ಬೆಳಗ್ಗೆ. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಮಾರ್ಜಿನ್ ಎಳೆಯದೆ ಏನನ್ನೂ ಬರೆಯಲು ಬಿಟ್ಟವರಲ್ಲ. ನಾನು ಕೆಂಪು ಮಾರ್ಜಿನ್ ಎಳೆದು, ಕುಡಿಯಬಹುದಾದ್ದು ಒಂದು ಕಡೆ, ಕೂಡದ್ದು ಒಂದು ಕಡೆ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಮುದ್ದೆ, ಸೊಪ್ಪು, ಹಾಲು, ಕೊಬ್ಬರಿ ಎಲ್ಲ ಕೂಡದ್ದರ ಪಟ್ಟಿಗೆ. ಎಳನೀರಿಗೆ ಎರಡು ಟಿಕ್ ಹಾಕಿದೆ. ಗುಬ್ಬಿಯ ನಮ್ಮ ತೋಟದಿಂದ ಬಂದಿದ್ದ ಎಳನೀರು ಮನೆಯಲ್ಲೇ ಇತ್ತು.

ಆಸ್ಪತ್ರೆಯಲ್ಲಿ ಅತ್ತೆಯನ್ನು ಒಳಗೆ ಕರೆಯುವ ಮೊದಲು ನರ್ಸ್ ಕೇಳಿದರು. "ಅಜ್ಜಿ, ಕೊನೇ ಸಲ ಹೋದಾಗ ನೀರಿನ ಥರ ತಿಳಿಯಾಗಿತ್ತಾ?"

"ತಿಳಿ ಇತ್ತವ್ವ. ಬಿಳೇ ಬಿಳೇ ಚೂರು ಬತ್ತಿತ್ತು ಅಷ್ಟೇ."

"ಚೂರಾ? ಗಟ್ಟಿ ಏನಾದ್ರೂ ತಿಂದ್ರಾ?"

"ಶಿವನಾಣೆ, ಒಂದು ಅಗುಳು ಬಾಯಿಗೆ ಹಾಕಿಲ್ಲ."

ನಾನೂ ಫೈಲಿನಿಂದ ಪಟ್ಟಿ ತೆಗೆದು ತೋರಿಸಿದೆ. ಅಷ್ಟರಲ್ಲಿ ಡಾಕ್ಟರು ಬಂದರು. ಕುಣಿಗಲ್ ಕಡೆಯವರು, ನಲವತ್ತರ ಆಸುಪಾಸು. ಪಟ್ಟಿಯ ಎರಡು ಟಿಕ್‌ಗಳ ಮೇಲೆ ಬೆರಳಿಟ್ಟು ಕೇಳಿದರು. "ಎಳನೀರು ಎಷ್ಟು ಕುಡಿದ್ರಿ ಅಜ್ಜಿ?"

"ಮೂರು."

"ಕುಡಿದ ಮೇಲೆ ಬುರುಡೆ ಏನ್ ಮಾಡಿದ್ರಿ?"

"ಒಡೆದೆ."

"ಗಂಜಿ?"

ಅತ್ತೆಗೆ ಸಿಟ್ಟೇ ಬಂತು. "ಗಂಜೀನ ಯಾರಾದ್ರೂ ಬಿಸಾಕ್ತಾರಾ ಡಾಕ್ಟ್ರೇ? ಬುರುಡೆ ಒಡೆದು ಕೆರೆದು ತಿನ್ನದೇ ಇದ್ರೆ ಮರಕ್ಕೆ ಮರ್ಯಾದೆ ಏನು ಬಂತು? ಅದೊಂದು ಊಟಾನಾ?"

ಡಾಕ್ಟರು ನಕ್ಕುಬಿಟ್ಟರು. "ನಮ್ಮವ್ವನೂ ಇದನ್ನೇ ಹೇಳ್ತಾರೆ."

ನನಗೆ ಮಾತ್ರ ನಗು ಬರಲಿಲ್ಲ. ಹಿಂದಿನ ಸಂಜೆ ನಾನು ಪುಡಿ ಕಲಸುವಾಗ ಹಿತ್ತಲಲ್ಲಿ ಮಚ್ಚಿನ ಸದ್ದು ಕೇಳಿತ್ತು. ಬೆಳಗ್ಗೆ ತುಳಸಿ ಕಟ್ಟೆಯ ಪಕ್ಕ ಇಬ್ಭಾಗವಾದ ಬುರುಡೆಗಳು ಸಾಲಾಗಿ ಬೋರಲು ಬಿದ್ದಿದ್ದನ್ನೂ ನೋಡಿದ್ದೆ. ಎಷ್ಟು ನೀಟಾಗಿ ಜೋಡಿಸಿದ್ದಾರೆ ಅಂದುಕೊಂಡೆನೇ ಹೊರತು, ನೀರು ಕುಡಿಯುವುದಕ್ಕೆ ಬುರುಡೆಯನ್ನು ಎರಡಾಗಿ ಸೀಳಬೇಕಾಗಿಲ್ಲ ಎಂದು ಹೊಳೆಯಲಿಲ್ಲ.

"ಹೀಗಿದ್ರೆ ಸಣ್ಣಪುಟ್ಟದ್ದು ಕಣ್ಣಿಗೆ ಬೀಳಲ್ಲ. ಇನ್ನೊಂದು ದಿನ ಇಟ್ಕೊಳ್ಳೋಣ್ವಾ?" ಎಂದರು ಡಾಕ್ಟರು.

ಅತ್ತೆ ಆಗಲೇ ಚಪ್ಪಲಿ ಹುಡುಕುತ್ತಿದ್ದರು. ಇನ್ನೊಂದು ದಿನ ಎಂದರೆ ಅವರ ಲೆಕ್ಕದಲ್ಲಿ ಇನ್ನು ಯಾವತ್ತೂ ಇಲ್ಲ. ನಾನು ಇಂಗ್ಲಿಷಿನಲ್ಲಿ, ಆದಷ್ಟು ಮೆಲ್ಲಗೆ ಹೇಳಿದೆ: ಇವರ ಅಕ್ಕ ಇದರಲ್ಲೇ ಹೋದರು, ಇವತ್ತು ಬಿಟ್ಟರೆ ಇವರು ಮತ್ತೆ ಬರುವುದಿಲ್ಲ. ಡಾಕ್ಟರು ನರ್ಸಿಗೆ ಹೇಳಿದರು. "ಇನ್ನೊಂದು ಲೀಟರ್ ಕುಡಿಸಿ. ಇವರನ್ನ ಮೂರು ಗಂಟೆಗೆ, ಲಾಸ್ಟ್ ತಗೋತೀನಿ."

ರೇಷ್ಮೆ ಸೀರೆಯುಟ್ಟ ನಮ್ಮತ್ತೆ ಬೆಂಚಿನ ಮೇಲೆ ಮುಖ ಕಿವುಚಿಕೊಂಡು ಕೂತರು. ಕಾಲು ಗಂಟೆಗೊಂದು ಲೋಟ. ಪಕ್ಕದಲ್ಲಿ ಮಫ್ಲರ್ ಸುತ್ತಿಕೊಂಡ ಹೆಬ್ಬೂರಿನ ಯಜಮಾನರೊಬ್ಬರು ತಮ್ಮ ಸರದಿಗೆ ಕಾಯುತ್ತಿದ್ದರು. "ಮೂಗು ಹಿಡ್ಕೊಂಡು ಎತ್ತಿಬುಡಿ ತಾಯಿ. ನಂದು ಎರಡನೇ ಸಲ. ಹೋದ ಸಲ ಎರಡು ಪಾಲಿಪ್ ಕಿತ್ತವ್ರೆ."

"ಹಂಗಂದ್ರೇನು?" ಲೋಟ ಹಿಡಿದಿದ್ದ ಕೈ ಅರ್ಧಕ್ಕೇ ನಿಂತಿತು.

"ಮೈಮೇಲೆ ನರಹುಲಿ ಬರಲ್ವಾ, ಹಂಗೆ ಕರುಳಿನೊಳಗೆ ಬತ್ತದಂತೆ. ನನ್ನ ಜೊತೆ ಅವತ್ತು ಕೂತಿದ್ದ ಬೆಳ್ಳಾವಿಯೋರಿಗೂ ಇತ್ತು. ನಾನು ಬಸ್ ಓಡಿಸ್ತಿದ್ದೋನು. ಟಿಕೆಟ್ ಇಲ್ದೆ ಹತ್ತೋರು ಎಲ್ಲಾ ಕಡೆ ಇದ್ದೇ ಇರ್ತಾರೆ, ಇಳಿಸ್ಬುಟ್ರೆ ಆಯ್ತು."

ನರ್ಸ್ ಕೂಡ ದನಿಗೂಡಿಸಿದರು. "ವಯಸ್ಸಾದವರಲ್ಲಿ ಇದು ತುಂಬಾ ಕಾಮನ್ ಅಜ್ಜಿ. ಬೇರೆ ಏನಕ್ಕೋ ಬಂದವರಿಗೂ ಇರುತ್ತೆ, ಗೊತ್ತೇ ಇರಲ್ಲ. ಬಹುಪಾಲು ಸುಮ್ನೆ ಇರುತ್ವೆ. ಕೆಲವು ಮಾತ್ರ ವರ್ಷಗಟ್ಟಲೆ ಬೆಳೆದು ಕ್ಯಾನ್ಸರ್ ಆಗುತ್ವೆ. ಅದಕ್ಕೇ ಕಂಡಾಗಲೇ ತೆಗೆಯೋದು."

ಅತ್ತೆ ಬೆಂಚಿನ ಈ ತುದಿಯಿಂದ ಆ ತುದಿಯವರೆಗೆ ಒಬ್ಬೊಬ್ಬರ ಮುಖವನ್ನೂ ನೋಡಿದರು. ಆಮೇಲೆ ಉಳಿದಿದ್ದನ್ನು ಒಂದೇ ಗುಟುಕಿಗೆ ಕುಡಿದು, ಲೋಟವನ್ನು ನನ್ನ ಕಡೆ ಚಾಚಿದರು. "ಹಾಕು."

ಮೂರೂ ಮುಕ್ಕಾಲಿಗೆ ಡಾಕ್ಟರು ನನ್ನನ್ನು ಒಳಗೆ ಕರೆದರು. ಪರದೆಯ ಮೇಲೆ ಅತ್ತೆಯ ಕರುಳು ತಿಳಿ ಗುಲಾಬಿ ಬಣ್ಣದಲ್ಲಿ ತೊಳೆದಿಟ್ಟ ಹಾಗಿತ್ತು. ಮಡಿಕೆಯೊಂದರ ಹಿಂದೆ ಒಂದು ಪುಟ್ಟ ಗಂಟು, ಎಂಟು ಮಿಲಿಮೀಟರ್. ತಂತಿಯ ಕುಣಿಕೆ ಹಾಕಿ ಆಗಲೇ ತೆಗೆದಿದ್ದರು. "ರಕ್ತ ಬರ್ತಿದ್ದಿದ್ದು ಪೈಲ್ಸ್‌ನಿಂದ, ಅದಕ್ಕೆ ಔಷಧಿ ಸಾಕು. ಇದು ನೋಡೋಕೆ ಸಾಧುವಾಗೇ ಇದೆ, ಬಯಾಪ್ಸಿಗೆ ಕಳಿಸ್ತೀನಿ. ಗಂಜಿ ಅಲ್ಲೇ ಇದ್ದಿದ್ರೆ ಬಹುಶಃ ಕಾಣ್ತಿರಲಿಲ್ಲ." ಅಕ್ಕನ ಕೇಸು ನೆನಪಿಟ್ಟುಕೊಂಡು, ನಮ್ಮನೆಯವರೂ ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು ಎಂದರು. ಆ ವಿಷಯ ಫೋನಿನಲ್ಲಿ ಹೇಳಿದಾಗ ನಮ್ಮನೆಯವರು, "ಸಿಗ್ನಲ್ ಸರಿ ಇಲ್ಲ," ಎಂದರು.

ಹತ್ತು ದಿನದ ಮೇಲೆ ಬಂದ ರಿಪೋರ್ಟಿನಲ್ಲೂ ಕ್ಯಾನ್ಸರ್ ಇರಲಿಲ್ಲ. ಹಾಗೇ ಬಿಟ್ಟಿದ್ದರೆ ಮುಂದೆಂದೋ ಆಗಬಹುದಾಗಿದ್ದ ಜಾತಿಯದು, ಇನ್ನು ಕೆಲವು ವರ್ಷ ಬಿಟ್ಟು ಮತ್ತೆ ನೋಡಿಸಿದರೆ ಸಾಕು. ನನ್ನ ಉದ್ಯೋಗಕ್ಕೆ ಸಿಕ್ಕ ಪಾಠ ಇದು: ಪಟ್ಟಿಯಲ್ಲಿ ಪದಾರ್ಥದ ಹೆಸರು ಬರೆದರೆ ಸಾಲದು, ಆ ಮನೆಯವರ ಕೈ ಅದನ್ನು ಏನು ಮಾಡಿ ರೂಢಿ ಎಂಬುದನ್ನೂ ಬರೆಯಬೇಕು. ನಮ್ಮನೆಯವರ ಸರದಿ ಬಂದಾಗ ಮಾರ್ಜಿನ್ನಿನಲ್ಲಿ ದಪ್ಪಕ್ಷರದಲ್ಲಿ ಬರೆದೆ: 'ಗಂಜಿ ಕೂಡದು. ಮಚ್ಚು ನನ್ನ ಹತ್ತಿರ ಇದೆ.'

ಆ ಬುಧವಾರ ಸಂಜೆ ಆರಕ್ಕೆ ನಾವು ಆಟೋ ಇಳಿದಾಗ, ಪಾರ್ವತಮ್ಮ ಕಾಂಪೌಂಡಿನ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದರು.

"ಏನಕ್ಕ, ನಾಮಕರಣ ಜೋರಾ? ಮಗೀಗೆ ಏನ್ ಹೆಸ್ರಿಟ್ರು?"

ಅತ್ತೆ ನನ್ನ ಮುಖ ನೋಡಿದರು. ಮಾತು ತೇಲಿಸಬೇಕೇನೋ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಅಂದರು. "ಪಾಲಿಪ್ ಅಂತ ಇಟ್ರು ಕಣೇ." ಹಾಗೆ ಶುರುಮಾಡಿ ರಕ್ತ, ಅಕ್ಕ, ಗಂಜಿ, ಒಂದೂ ಬಿಡದೆ ಹೇಳಿ ಮುಗಿಸಿದರು. ನಾಲ್ಕು ತಿಂಗಳ ಮೇಲೆ ಅವರ ದನಿ ಮೊದಲಿನಷ್ಟು ಗಟ್ಟಿಯಾಗಿತ್ತು.

ಪಾರ್ವತಮ್ಮ ಕೈಯಲ್ಲಿದ್ದ ಅವರೆಕಾಯಿಯಿಂದ ಕಣ್ಣೆತ್ತಲೂ ಇಲ್ಲ.

"ಅಯ್ಯೋ, ಅದಾ? ನಮ್ಮನೆಯವ್ರಿಗೂ ಎರಡು ಕಿತ್ತವ್ರೆ ಬುಡಕ್ಕ. ಗುಬ್ಬಿಗೆ ಮದುವೆಗೆ ಹೋಗಿದ್ವಿ ಅಂದಿದ್ನಲ್ಲ, ಅವತ್ತೇ."